ಇನ್ಸ್‌ಪೆಕ್ಷನ್ ದಿನದ ಹೊಟ್ಟೆನೋವು

ಸುಂದರಿ ಟೀಚರಿಗೆ ವರ್ಷಕ್ಕೆ ಒಂದು ದಿನ ಹೊಟ್ಟೆನೋವು ಬರುತ್ತಿತ್ತು. ಅದು ಶಾಲೆಗೆ ಇನ್ಸ್‌ಪೆಕ್ಟರ್ ಬರುವ ದಿನ. 1958ರಲ್ಲಿ ಬಂತು. 1959ರಲ್ಲಿ ಬಂತು. 1960ರಲ್ಲೂ ಬಂತು. ಮೂರು ಸಲವೂ ರಜೆ ಅರ್ಜಿ ಬರೆದವನು ನಾನು. ಟೀಚರ್ ಸಹಿ ಮಾತ್ರ ಹಾಕಿದರು.

ನನ್ನ ಅಕ್ಷರ ಚಂದ. ಬಂದರಿನಲ್ಲಿ ನನ್ನ ತಂದೆ ಮೊಯ್ದೀನಬ್ಬರ ಅಂಗಡಿ ಇತ್ತು. ಅಲ್ಲಿ ಕೂತು ಕಲ್ಲಿಕೋಟೆಯ ವ್ಯಾಪಾರಿಗಳಿಗೆ ಕಾಗದ ಬರೆದು ಬರೆದು ಕೈ ಪಳಗಿತ್ತು. ಮಾಸ್ತರನಾದ ಮೇಲೆ ಆ ಕೈ ಹೆಡ್ಮಾಸ್ತರರ ವಶಕ್ಕೆ ಹೋಯಿತು. ಶಾಲೆಯ ಎಲ್ಲ ಕಾಗದಪತ್ರ ನಾನೇ ಬರೆಯಬೇಕು. ಅದರಲ್ಲಿ ನಿಜವೂ ಇರುತ್ತಿತ್ತು, ಸುಳ್ಳೂ ಇರುತ್ತಿತ್ತು. ಎರಡಕ್ಕೂ ನನ್ನ ಅಕ್ಷರ ಒಂದೇ.

ನಮ್ಮ ಶಾಲೆ ಮಂಗಳೂರಿನ ಅತ್ತಾವರದ ಇಳಿಜಾರಿನಲ್ಲಿತ್ತು. ಎಯ್ಡೆಡ್ ಎಲಿಮೆಂಟರಿ ಶಾಲೆ. ಐದು ಕ್ಲಾಸು, ಐದು ಜನ ಅಧ್ಯಾಪಕರು. ಸಂಬಳ ಸರಕಾರದ್ದು, ಕಟ್ಟಡ ಮೆನೇಜರರದ್ದು. ಕಟ್ಟಡ ಯಾರದ್ದೋ ಮಾತು ಅವರದ್ದು.

1957ರ ಮಾರ್ಚಿನ ತನಕ ನಮಗೆ ಡಾಲಿ ಟೀಚರ್ ಹೆಡ್ಮಿಸ್ಟ್ರೆಸ್. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ಬೀಗ ತೆಗೆಯುವವರು ಅವರೇ. ಮಳೆಗಾಲದಲ್ಲಿ ಒಂದನೇ ಕ್ಲಾಸಿಗೆ ನೀರು ನುಗ್ಗಿದರೆ ಸೀರೆ ಎತ್ತಿ ಕಟ್ಟಿ ಬಕೆಟಿನಲ್ಲಿ ತೋಡಿ ಚೆಲ್ಲುತ್ತಿದ್ದರು. ಹೆಡ್ಮಿಸ್ಟ್ರೆಸ್ ನೀರು ತೋಡುವಾಗ ನಾವು ಕೈ ಕಟ್ಟಿ ನಿಲ್ಲುವುದು ಹೇಗೆ? ನಾನೂ ತೋಡಿದೆ. ನನ್ನ ಜೊತೆಯ ಆರ್ಥರ್ ಮಾಸ್ತರರೂ ತೋಡಿದರು. ತಿಂಗಳಿಗೊಮ್ಮೆ ಡಾಲಿ ಟೀಚರ್ ನಮ್ಮ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಒಂದು ಪೀರಿಯಡ್ ಪೂರ್ತಿ ಕೂರುತ್ತಿದ್ದರು. ಆಮೇಲೆ ಬಾವಿಕಟ್ಟೆಯ ಹತ್ತಿರ ಕಂಡಾಗ ಒಂದು ಮಾತು ಹೇಳುತ್ತಿದ್ದರು. ನನಗೆ ಒಮ್ಮೆ ಹೇಳಿದ್ದು: "ಹಾಶಿಂ, ನಿಮ್ಮ ಲೆಕ್ಕ ಮಕ್ಕಳಿಗೆ ಅರ್ಥ ಆಗ್ತದೆ. ಅದು ನಿಮಗೇ ಗೊತ್ತಿಲ್ಲ." ಆ ವಾರದಿಂದ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೂ ನಾನು ನಾಲ್ಕನೇ ಕ್ಲಾಸಿಗೆ ಭಿನ್ನರಾಶಿ ಹೇಳಿಕೊಡತೊಡಗಿದೆ. ಹೇಳಿಕೊಡಿ ಎಂದು ಯಾರೂ ಕೇಳಿರಲಿಲ್ಲ.

ಸುಂದರಿ ಟೀಚರನ್ನು ಕೆಲಸಕ್ಕೆ ತೆಗೆದುಕೊಂಡವರೂ ಡಾಲಿ ಟೀಚರೇ. 1956ರ ಜೂನ್. ಊರು ವಾಮಂಜೂರು. ಜಾತಿ ಆದಿದ್ರಾವಿಡ. ಅಪ್ಪ ನೋಣಯ್ಯ ಬೇರೆಯವರ ಗದ್ದೆಯಲ್ಲಿ ದುಡಿಯುವವರು. ಮನೆಯಲ್ಲಿ ಶಾಲೆ ಕಂಡವರು ಇವರೊಬ್ಬರೇ. ಟ್ರೈನಿಂಗ್ ಆಗಿತ್ತು. ಆ ವರ್ಷ ಟ್ರೈನಿಂಗ್ ಆದ ಬೇರೆ ಯಾರೂ ಸಿಗಲಿಲ್ಲ. ಹಾಗಾಗಿ ಮೆನೇಜರರೂ ಸುಮ್ಮನಿದ್ದರು.

ಇನ್ನು ಊಟದ ವಿಷಯ. ಇನ್ಸ್‌ಪೆಕ್ಷನ್ ದಿನ ಮಧ್ಯಾಹ್ನದ ಊಟ ಮೆನೇಜರರ ಮನೆಯಿಂದ ಬರುವುದು ಪದ್ಧತಿ. ಜಗಲಿಯಲ್ಲಿ ಬಾಳೆ ಎಲೆ ಹಾಕಿ ಇನ್ಸ್‌ಪೆಕ್ಟರರ ಜೊತೆ ಅಧ್ಯಾಪಕರೆಲ್ಲ ಸಾಲಾಗಿ ಕೂರಬೇಕು. ಮೆನೇಜರರೂ ಕೂರುತ್ತಾರೆ. 1957ರ ಜನವರಿಯಲ್ಲಿ ಮೆನೇಜರರ ಮನೆಯಿಂದ ಹೇಳಿ ಕಳುಹಿಸಿದರು, ಹೊಸ ಟೀಚರ್ ಸಾಲಿನಲ್ಲಿ ಇದ್ದರೆ ಕಷ್ಟ ಎಂದು. ಡಾಲಿ ಟೀಚರ್ ಹಾಗಾದರೆ ಊಟವೇ ಬೇಡ ಎಂದರು. ಹೋಟೆಲಿನಿಂದ ಬನ್ಸ್ ಮತ್ತು ಚಾ ತರಿಸಿದರು. ಇನ್ಸ್‌ಪೆಕ್ಟರರೂ ನಾವೂ ನಿಂತುಕೊಂಡೇ ತಿಂದೆವು. ನಿಂತು ತಿನ್ನುವವರಿಗೆ ಸಾಲು ಇಲ್ಲ. ಆ ದಿನ ಇನ್ಸ್‌ಪೆಕ್ಟರ್ ಸುಂದರಿ ಟೀಚರ ಪಾಠ ನೋಡಿ 'ಭರವಸೆ ಇದೆ' ಎಂದು ಬರೆದರು. ಇನ್ನೊಂದು ವರ್ಷ ನೋಡಿ ಬರೆದರೆ ಕೆಲಸ ಖಾಯಂ.

ಆ ಇನ್ನೊಂದು ವರ್ಷ ಬರಲಿಲ್ಲ. ಡಾಲಿ ಟೀಚರ್ ನಿವೃತ್ತರಾದರು. ದೂಮಪ್ಪ ಮಾಸ್ತರರು ಬಂದರು.

ದೂಮಪ್ಪ ಮಾಸ್ತರರು ಬೈಯುವವರಲ್ಲ. ಹೊಡೆಯುವವರಲ್ಲ. ಅವರು ಮೆಮೊ ಕೊಡುವವರು. ಆಫೀಸಿನ ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಾವು ನಿಂತಿದ್ದರೂ ಬಾಯಲ್ಲಿ ಹೇಳುತ್ತಿರಲಿಲ್ಲ. ಮೆಮೊ ಬರೆಸುತ್ತಿದ್ದರು. ನನಗೆ ಕೊಡಬೇಕಾದ ಮೆಮೊವನ್ನೂ ನನ್ನಿಂದಲೇ ಬರೆಸುತ್ತಿದ್ದರು. ಮೊದಲ ವರ್ಷ 41 ಮೆಮೊ ಆಯಿತು. ಅವರು ಯಾರ ಕ್ಲಾಸಿನ ಒಳಗೂ ಬರಲಿಲ್ಲ. ಕಿಟಕಿಯಲ್ಲಿ ತಲೆ ಮಾತ್ರ ಕಾಣುತ್ತಿತ್ತು. ಮಳೆಗಾಲದಲ್ಲಿ ಒಂದನೇ ಕ್ಲಾಸಿಗೆ ನೀರು ನುಗ್ಗಿದಾಗ ಆ ಬಗ್ಗೆಯೂ ಮೆಮೊ ಬಂತು.

ಎರಡು ವರ್ಷದಲ್ಲಿ ನಾವು ಬೇರೆಯೇ ಅಧ್ಯಾಪಕರಾದೆವು. ಆರ್ಥರ್ ಮಾಸ್ತರರು ಮಕ್ಕಳಿಗೆ ಫುಟ್‌ಬಾಲ್ ಆಡಿಸುವುದನ್ನು ಬಿಟ್ಟರು. ಕ್ಲಾಸಿನಲ್ಲಿ ಪೇಪರ್ ಓದತೊಡಗಿದರು. ಕೇಳಿದರೆ, "ಮಾರಾಯ, ಫುಟ್‌ಬಾಲಿಗೆ ಮೆಮೊ ಬಂದಿಲ್ಲ" ಎನ್ನುತ್ತಿದ್ದರು. ವಾರಿಜಾಕ್ಷಿ ಟೀಚರ್ ಮೆನೇಜರರ ದೂರದ ಸಂಬಂಧಿ. ಅವರು ಮೊದಲೂ ನಿಧಾನ, ಈಗಲೂ ನಿಧಾನ. ನಾನು ಶನಿವಾರದ ಭಿನ್ನರಾಶಿ ಬಿಟ್ಟೆ.

ಬಿಡದವರು ಸುಂದರಿ ಟೀಚರ್ ಒಬ್ಬರೇ.

ಅವರದ್ದು ಒಂದನೇ ಕ್ಲಾಸು. ಹಾಜರಿಯಲ್ಲಿ 62 ಹೆಸರು. ಮುಕ್ಕಾಲು ಪಾಲು ಹಂಚಿನ ಕಾರ್ಖಾನೆಗೆ ಹೋಗುವ ಹೆಂಗಸರ ಮಕ್ಕಳು. ಅಮ್ಮಂದಿರು ಏಳೂವರೆಗೆ ಕಾರ್ಖಾನೆಯ ಗೇಟಿನಲ್ಲಿ ಇರಬೇಕು. ಮಕ್ಕಳನ್ನು ಶಾಲೆಯ ಜಗಲಿಯಲ್ಲಿ ಬಿಟ್ಟು ಓಡುತ್ತಿದ್ದರು. ಎಂಟಕ್ಕೆ ಟೀಚರ್ ಬರುತ್ತಾರೆ ಎಂಬ ಧೈರ್ಯ. ಟೀಚರ್ ವಾಮಂಜೂರಿನಿಂದ ಐದೂವರೆ ಮೈಲಿ ನಡೆದು ಎಂಟಕ್ಕೆ ಬರುತ್ತಿದ್ದರು. ಮಕ್ಕಳ ಮೂಗು ಒರೆಸಿ, ಉಗುರು ಕತ್ತರಿಸಿ, ತಲೆಯ ಹೇನು ತೆಗೆದು ಪಾಠ ಶುರು ಮಾಡುತ್ತಿದ್ದರು. ಮಕ್ಕಳ ಮುಖ ತೊಳೆಯಲು ನೀರು ಬೇಕು. ಬಾವಿಯ ಹಗ್ಗ ಅವರು ಮುಟ್ಟುವಂತಿರಲಿಲ್ಲ. ನಾವು ಯಾರಾದರೂ ಬಂದು ಸೇದಿ ಹೊಯ್ಯುವ ತನಕ ಕೊಡ ಹಿಡಿದು ನಿಲ್ಲುತ್ತಿದ್ದರು. ಕೆಲವು ದಿನ ಅರ್ಧ ಗಂಟೆ. ನಾನು ಒಂಬತ್ತೂವರೆಗೆ ಬರುವಾಗ ಕೊಡ ಹಿಡಿದು ನಿಂತದ್ದನ್ನು ಎಷ್ಟೋ ಸಲ ನೋಡಿದ್ದೇನೆ. ಮರುದಿನ ಬೇಗ ಬಂದೆನಾ ಎಂದರೆ, ಇಲ್ಲ.

ಮಕ್ಕಳಲ್ಲಿ ಸ್ಲೇಟು ಇರಲಿಲ್ಲ. ಅಮ್ಮಂದಿರು ಕಾರ್ಖಾನೆಯಿಂದ ಮೂಲೆ ಒಡೆದ ಹಂಚು ತಂದುಕೊಟ್ಟರು. ಅದರ ಬೆನ್ನಿನ ಮೇಲೆ ಚಾಕ್‌ಪೀಸಿನಲ್ಲಿ ಬರೆದರೆ ಸ್ಲೇಟಿಗಿಂತ ಚೆನ್ನಾಗಿ ಕಾಣುತ್ತದೆ. ಆ ಮಕ್ಕಳ ಮನೆಮಾತು ತುಳು, ಬ್ಯಾರಿ, ಕೊಂಕಣಿ. ಟೀಚರ್ ಮೊದಲು ಮನೆಮಾತಿನಲ್ಲಿ ಹೇಳುತ್ತಿದ್ದರು, ಆಮೇಲೆ ಕನ್ನಡದಲ್ಲಿ. ಬ್ಯಾರಿ ಅವರಿಗೆ ಬರುತ್ತಿರಲಿಲ್ಲ. ನನ್ನ ಹತ್ತಿರ ಕೇಳಿ ಕೇಳಿ ಕಲಿತರು. ನಮ್ಮ ಮೂರನೇ ಕ್ಲಾಸಿನ ಮಕ್ಕಳು ತಡವರಿಸುತ್ತಾ ಓದುವುದನ್ನು ಅವರ ಒಂದನೇ ಕ್ಲಾಸಿನವರು ಸಲೀಸಾಗಿ ಓದುತ್ತಿದ್ದರು.

ದೂಮಪ್ಪ ಮಾಸ್ತರರಿಗೆ ಇದು ಗೊತ್ತಿತ್ತು. ಇನ್ಸ್‌ಪೆಕ್ಷನ್ ದಿನ ಮಾದರಿ ಪಾಠಕ್ಕೆ ಅವರು ತೆಗೆದುಕೊಳ್ಳುತ್ತಿದ್ದದ್ದು ಒಂದನೇ ಕ್ಲಾಸನ್ನೇ. ಟೀಚರ್ ರಜೆ ಅಲ್ಲವಾ? ಹೆಡ್ಮಾಸ್ತರರೇ ಪಾಠ ಮಾಡಬೇಕು. ಮಕ್ಕಳು ಪಟಪಟ ಓದುತ್ತಿದ್ದರು. 'ಮುಖ್ಯೋಪಾಧ್ಯಾಯರ ಬೋಧನೆ ಶ್ಲಾಘನೀಯ' ಎಂದು ಇನ್ಸ್‌ಪೆಕ್ಟರ್ ಮೂರು ವರ್ಷ ಬರೆದದ್ದು ಶಾಲೆಯ ಲಾಗ್‌ಬುಕ್ಕಿನಲ್ಲಿದೆ. ನಾನೇ ಓದಿದ್ದೇನೆ. ಆಮೇಲೆ ಜಗಲಿಯಲ್ಲಿ ಸಾಲಾಗಿ ಊಟ. ನನಗೂ ಆರ್ಥರ್ ಮಾಸ್ತರರಿಗೂ ಜಗಲಿಯ ತುದಿಯ ಮೂಲೆ. ಮುಸ್ಲಿಮನಿಗೆ ಮತ್ತು ಕ್ರಿಶ್ಚಿಯನನಿಗೆ ಮೂಲೆ ಸಿಕ್ಕಿತು. ಸುಂದರಿಗೆ ರಜೆ ಸಿಕ್ಕಿತು.

1960ರ ಜುಲೈಯಲ್ಲಿ ಟೀಚರ್ ಅರ್ಧ ದಿನ ರಜೆ ಹಾಕಿ ಇನ್ಸ್‌ಪೆಕ್ಟರರ ಆಫೀಸಿಗೆ ಹೋದರು. ನಾಲ್ಕು ವರ್ಷ ಆಯಿತು, ಇನ್ನೂ ಟೆಂಪರರಿ, ಯಾಕೆ ಎಂದು ಕೇಳಲು. ಮರುದಿನ ಬಂದು ನನ್ನ ಕ್ಲಾಸಿನ ಬಾಗಿಲಲ್ಲಿ ನಿಂತರು. ಸ್ಟಾಫ್‌ರೂಮಿಗೆ ಅವರು ಬರುತ್ತಿರಲಿಲ್ಲ. ಅಲ್ಲಿ ನಾಲ್ಕೇ ಕುರ್ಚಿ.

"ಹಾಶಿಂ ಮಾಸ್ತ್ರೇ, ಆಫೀಸಿನ ಗುಮಾಸ್ತರು ನನ್ನ ಆರೋಗ್ಯ ವಿಚಾರಿಸಿದರು" ಎಂದರು.

"ಎಂತದ್ದು?"

"ಫೈಲು ತೆಗೆದು ನೋಡಿದರು. ಅಮ್ಮಾ, ನಿಮಗೆ ಪ್ರತಿ ಇನ್ಸ್‌ಪೆಕ್ಷನಿಗೆ ಹೊಟ್ಟೆನೋವು ಬರ್ತದಲ್ಲ, ಮಂಗಳೂರಲ್ಲಿ ಆಸ್ಪತ್ರೆಗೆ ಎಂತ ಬರಗಾಲ, ತೋರಿಸಬಾರದಾ ಅಂತ ಕೇಳಿದರು."

ನಾನು ಚಾಕ್‌ಪೀಸು ಕೆಳಗಿಟ್ಟೆ. ನಗಬೇಕೋ ಬೇಡವೋ ಗೊತ್ತಾಗಲಿಲ್ಲ. ಅವರೇ ಸ್ವಲ್ಪ ನಕ್ಕರು.

"ಎರಡನೇ ಸಲ ಪಾಠ ನೋಡದೆ ಖಾಯಂ ಇಲ್ಲವಂತೆ. ಐದು ವರ್ಷ ಟೆಂಪರರಿ ಆದರೆ ಆಮೇಲೆ ತೆಗೆಯುವುದಂತೆ. ನನ್ನ ಐದು ವರ್ಷ ಬರುವ ಮೇ ಮೂವತ್ತೊಂದಕ್ಕೆ ಮುಗೀತದೆ. ಮೆನೇಜರರ ಸೊಸೆಯ ತಂಗಿಗೆ ಟ್ರೈನಿಂಗ್ ಆಗಿದೆಯಂತೆ. ಅದನ್ನೂ ಅವರೇ ಹೇಳಿದರು, ಪಾಪ."

"ನನಗೆ ಇದೆಲ್ಲ ಗೊತ್ತಿರಲಿಲ್ಲ ಟೀಚರೇ."

"ಗೊತ್ತಿದ್ದರೆ ಎಂತ ಮಾಡ್ತಿದ್ದಿರಿ?"

ನಾನು ಕೆಳಗಿಟ್ಟ ಚಾಕ್‌ಪೀಸನ್ನು ಮತ್ತೆ ಎತ್ತಿಕೊಂಡೆ. ಅವರು ತಮ್ಮ ಕ್ಲಾಸಿಗೆ ಹೋದರು.

ಮರುದಿನದಿಂದ ಸುಂದರಿ ಟೀಚರ್ ಗಂಟೆಗೆ ಸರಿಯಾಗಿ ಬರತೊಡಗಿದರು. ಅಂದರೆ ಒಂಬತ್ತೂಮುಕ್ಕಾಲಿಗೆ. ನಾಲ್ಕೂಕಾಲಿಗೆ ಗಂಟೆ ಹೊಡೆದ ಕೂಡಲೇ ಕೊಡೆ ಹಿಡಿದು ಹೊರಟರು. ನಡುವೆ ಪಾಠ ಮಾಡಿದರು, ಟೈಂಟೇಬಲಿನಲ್ಲಿ ಇದ್ದಷ್ಟು. ಹೇನಿಗೆ ಟೈಂಟೇಬಲಿನಲ್ಲಿ ಪೀರಿಯಡ್ ಇಲ್ಲ. ಉಗುರಿಗೂ ಇಲ್ಲ. ಬೆಳಿಗ್ಗೆ ಜಗಲಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವವರು ಇಲ್ಲ ಎಂದಾದಾಗ ಅಮ್ಮಂದಿರು ಮಕ್ಕಳನ್ನು ಬಿಡುವುದನ್ನೇ ನಿಲ್ಲಿಸಿದರು. ಜೂನ್‌ನಲ್ಲಿ ಸರಾಸರಿ ಹಾಜರಿ 57. ಸೆಪ್ಟೆಂಬರಿನಲ್ಲಿ 34.

ದೂಮಪ್ಪ ಮಾಸ್ತರರು ನನ್ನನ್ನು ಕರೆದರು. "ಬರೆ ಹಾಶಿಂ. ಒಂದನೇ ತರಗತಿಯ ಅಧ್ಯಾಪಕಿಗೆ ಮೆಮೊ. ಕರ್ತವ್ಯದಲ್ಲಿ ಆಸಕ್ತಿ ಕುಂದಿರುವುದು ಗಮನಕ್ಕೆ ಬಂದಿದೆ. ಮೂರು ದಿನದ ಒಳಗೆ ಕಾರಣ ತಿಳಿಸತಕ್ಕದ್ದು."

ಬರೆದು ಕೊಟ್ಟೆ. ಮೂರನೇ ದಿನ ಉತ್ತರ ಬಂತು. ಅದನ್ನು ಟೀಚರೇ ಬರೆದಿದ್ದರು. ಅವರ ಅಕ್ಷರ ದೊಡ್ಡದು, ಬೋರ್ಡಿನ ಅಕ್ಷರದ ಹಾಗೆ: 'ನನ್ನ ಆಸಕ್ತಿ ರಜೆಯಲ್ಲಿದೆ. ಕಾರಣ: ಹೊಟ್ಟೆನೋವು.'

ಆರ್ಥರ್ ಮಾಸ್ತರರು ಅದನ್ನು ಓದಿ ಪೇಪರಿನ ಹಿಂದೆ ಮುಖ ಅಡಗಿಸಿದರು. ಪೇಪರ್ ತುಂಬಾ ಹೊತ್ತು ಅಲುಗುತ್ತಿತ್ತು. ವಾರಿಜಾಕ್ಷಿ ಟೀಚರ್ ಮಾತ್ರ, "ಅವಳಿಗೆ ಇಷ್ಟು ಸೊಕ್ಕು ಎಲ್ಲಿಂದ ಬಂತು?" ಎಂದರು. ಆರ್ಥರ್ ಮಾಸ್ತರರು ಪೇಪರಿನ ಹಿಂದಿನಿಂದಲೇ ಹೇಳಿದರು: "ವಾಮಂಜೂರಿಂದ. ನಡೆದುಕೊಂಡು."

ನವೆಂಬರಿನಲ್ಲಿ ದೂಮಪ್ಪ ಮಾಸ್ತರರಿಗೆ ಹೆದರಿಕೆ ಶುರುವಾಯಿತು. ಹಾಜರಿ ಬಿದ್ದರೆ ಇನ್ಸ್‌ಪೆಕ್ಟರ್ ಕೇಳುತ್ತಾರೆ. ಮಕ್ಕಳಿಗೆ ಓದು ಬಾರದಿದ್ದರೆ ಮಾದರಿ ಪಾಠ ಇಲ್ಲ. ಇನ್ಸ್‌ಪೆಕ್ಷನ್ ದಿನ ಬಿಟ್ಟರೆ ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅವರು ಒಂದನೇ ಕ್ಲಾಸಿನ ಒಳಗೆ ಕಾಲಿಟ್ಟರು. ನಾನು ಫೈಲು ಹಿಡಿದು ಹಿಂದೆ ಇದ್ದೆ.

"ಸುಂದರಿ, ಮೊದಲಿನ ಹಾಗೆ ಬೇಗ ಬಾ. ಮಕ್ಕಳ ಬಾಳು ಹಾಳಾಗ್ತದೆ" ಎಂದರು.

"ಈ ವರ್ಷ ಇನ್ಸ್‌ಪೆಕ್ಟರಿಗೆ ನನ್ನ ಪಾಠ ತೋರಿಸ್ತೀರಾ?"

ದೂಮಪ್ಪ ಮಾಸ್ತರರು ಕಿಟಕಿ ನೋಡಿದರು. "ನೋಡುವ" ಎಂದರು.

ಡಿಸೆಂಬರ್ ಒಂದರಿಂದ ಟೀಚರ್ ಮತ್ತೆ ಎಂಟಕ್ಕೆ ಬಂದರು. ನಾನು ಕೇಳಿದೆ, 'ನೋಡುವ' ಎಂಬ ಮಾತನ್ನು ನಂಬಿದಿರಾ ಎಂದು.

"ಅವರನ್ನು ನಂಬಲಿಲ್ಲ. ಪಾಠ ತೋರಿಸಬೇಕಾದರೆ ಓದುವ ಮಕ್ಕಳು ಬೇಕಲ್ಲ ಮಾಸ್ತ್ರೇ. ಇದು ನನ್ನ ಕೆಲಸಕ್ಕೆ" ಎಂದರು. ಮನೆಮನೆಗೆ ಹೋಗಿ ಮಕ್ಕಳನ್ನು ಕರೆತಂದರು. ಜನವರಿಯ ಹೊತ್ತಿಗೆ ಹಾಜರಿ 55 ಆಯಿತು. ಎರಡು ತಿಂಗಳಲ್ಲಿ ಅವರ ಕಾಲಿನ ಹಿಮ್ಮಡಿ ಬಿರಿದು ರಕ್ತ ಒಸರುತ್ತಿತ್ತು. ಬಟ್ಟೆ ಸುತ್ತಿಕೊಂಡು ಬರುತ್ತಿದ್ದರು.

ಇನ್ಸ್‌ಪೆಕ್ಷನ್ 1961ರ ಫೆಬ್ರವರಿ 9, ಗುರುವಾರ ಎಂದು ಕಾಗದ ಬಂತು. ಬುಧವಾರ ಸಂಜೆ ನಾಲ್ಕು ಗಂಟೆಗೆ ದೂಮಪ್ಪ ಮಾಸ್ತರರು ನನ್ನನ್ನು ಆಫೀಸಿಗೆ ಕರೆದರು.

"ಬರೆ. ಅದೇ ಅರ್ಜಿ."

ಬರೆಯಬಾರದಿತ್ತು. ಬರೆದೆ. ಈ ಕಥೆಯಲ್ಲಿ ನನ್ನ ಬಗ್ಗೆ ಹೇಳಬೇಕಾದದ್ದು ಇದು: ಎಲ್ಲ ಗೊತ್ತಿದ್ದೂ ನಾಲ್ಕನೇ ಸಲ ಬರೆದೆ. ಅಕ್ಷರ ಎಂದಿನ ಹಾಗೆ ಚಂದ ಬಂತು.

ಸುಂದರಿ ಟೀಚರನ್ನು ಕರೆಸಿದರು. ಅವರು ಬಾಗಿಲ ಹೊರಗೆ ನಿಂತರು. ದೂಮಪ್ಪ ಮಾಸ್ತರರು ಅರ್ಜಿಯನ್ನು ಮೇಜಿನ ಅಂಚಿಗೆ ತಳ್ಳಿದರು. ಪೆನ್ನನ್ನೂ ತಳ್ಳಿದರು. ಟೀಚರ್ ಒಳಗೆ ಕೈ ಚಾಚಿ ಅರ್ಜಿ ತೆಗೆದುಕೊಂಡರು.

ಟೀಚರ್ ಓದಿದರು. ಎರಡು ಸಲ ಓದಿದರು.

"ನನಗೆ ಹೊಟ್ಟೆನೋವಿಲ್ಲ" ಎಂದರು.

"ಅದು ಗೊತ್ತುಂಟು. ಒಂದು ದಿನದ ವಿಷಯ ಅಲ್ಲವಾ? ಸಹಿ ಹಾಕು."

"ನಾಳೆ ನಿಜವಾಗಿ ಹೊಟ್ಟೆನೋವು ಬಂದರೆ ನಾನೇ ಬರೀತೇನೆ. ನನಗೆ ಬರೆಯಲು ಬರ್ತದೆ."

"ನೋಡು ಸುಂದರಿ, ನನಗೂ ಇದು ಖುಷಿಯಲ್ಲ. ಮೆನೇಜರರ ಮನೆಯ ಊಟದ ವ್ಯವಸ್ಥೆ ಉಂಟಲ್ಲ. ನಾನು ಎಂತ ಮಾಡುವುದು? ನನ್ನ ಕೈಯಲ್ಲಿ ಎಂತ ಉಂಟು?"

"ಪೆನ್ನು ಉಂಟು."

ದೂಮಪ್ಪ ಮಾಸ್ತರರು ಪೆನ್ನನ್ನು ವಾಪಸು ಎಳೆದುಕೊಂಡರು. ಆಮೇಲೆ ಮಾಸ್ತರರ ಸ್ವರ ಬದಲಾಯಿತು. "ಟೆಂಪರರಿಯವರು ಹೀಗೆಲ್ಲ ಮಾತಾಡಬಾರದು."

"ಖಾಯಂ ಆದವರು ಯಾರೂ ಮಾತಾಡಲಿಲ್ಲ. ಅದಕ್ಕೆ ನಾನು ಮಾತಾಡುವುದು" ಎಂದು ಹೇಳಿ ಟೀಚರ್ ಹೋದರು. ಹೋಗುವಾಗ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಒಳ್ಳೆಯದಿತ್ತು.

ಗುರುವಾರ ಬೆಳಿಗ್ಗೆ ನಾನು ಎಂಟೂವರೆಗೆ ಹೋದೆ. ಟೀಚರ್ ಆಗಲೇ ಬಂದಿದ್ದರು. ಒಗೆದ ಬಿಳಿ ಸೀರೆ, ಕಾಲಿಗೆ ಹೊಸ ಬಟ್ಟೆ. ಬಾವಿಯ ಹತ್ತಿರ ಕೊಡ ಹಿಡಿದು ನಿಂತಿದ್ದರು. ನಾನು ನೀರು ಸೇದಿ ಕೊಟ್ಟೆ. ಅವರು ಕೊಡ ಎತ್ತಿಕೊಂಡು ಕ್ಲಾಸಿಗೆ ಹೋದರು.

ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ಕೆಂಪು ಶಾಯಿಯಿಂದ 'ಸಿ.ಎಲ್.', ಅಂದರೆ ರಜೆ, ಎಂದು ಮೊದಲೇ ಬರೆದಾಗಿತ್ತು. ಟೀಚರ್ ಅದರ ಮೇಲೆಯೇ ಸಹಿ ಹಾಕಿದರು.

ದೂಮಪ್ಪ ಮಾಸ್ತರರು ಒಂಬತ್ತಕ್ಕೆ ಬಂದು ನೋಡಿದರು. ಮುಖದಲ್ಲಿ ಬೆವರು. "ನೀನು ಇವತ್ತು ರಜೆ. ಮನೆಗೆ ಹೋಗು. ಇಲ್ಲದಿದ್ದರೆ ಹಿಂದೆ ಸೌದೆ ಕೊಟ್ಟಿಗೆಯಲ್ಲಿ ಕೂತುಕೋ."

"ಸೌದೆಗೆ ಪಾಠ ಬೇಡ. ನಾನು ನನ್ನ ಕ್ಲಾಸಿನಲ್ಲಿ ಇರ್ತೇನೆ" ಎಂದರು ಟೀಚರ್.

ಹತ್ತೂವರೆಗೆ ಜಟ್ಕಾದಲ್ಲಿ ಇನ್ಸ್‌ಪೆಕ್ಟರ್ ಬಂದರು. ಮೈಸೂರು ಕಡೆಯವರು. ನಮ್ಮ ಜಿಲ್ಲೆಗೆ ಬಂದು ಮೂರು ತಿಂಗಳಾಗಿತ್ತಷ್ಟೆ. ಸೆಕೆಗೆ ಕೋಟು ತೆಗೆದು ಕೈಯಲ್ಲಿ ಹಿಡಿದಿದ್ದರು. ಆರ್ಥರ್ ಮಾಸ್ತರರ ಕ್ಲಾಸು ನೋಡಿದರು. ನನ್ನದು ನೋಡಿದರು. ಹನ್ನೊಂದೂವರೆಗೆ ದೂಮಪ್ಪ ಮಾಸ್ತರರು ಅವರನ್ನು ಒಂದನೇ ಕ್ಲಾಸಿಗೆ ಕರೆದುಕೊಂಡು ಹೋದರು. ಕಿಟಕಿಯಿಂದ ನಮಗೆ ಕಾಣುತ್ತಿತ್ತು.

ಸುಂದರಿ ಟೀಚರ್ ಹಿಂದೆ, ಮಕ್ಕಳ ಜೊತೆ, ನೆಲದ ಮೇಲೆ ಕೂತಿದ್ದರು. ದೂಮಪ್ಪ ಮಾಸ್ತರರು ಬೆತ್ತ ಹಿಡಿದು ಬೋರ್ಡಿನ ಮೇಲಿನ ಪದಗಳನ್ನು ತೋರಿಸಿದರು. ಮಕ್ಕಳು ಓದಿದರು. ಒಂದು ತಪ್ಪಿಲ್ಲ. ಇನ್ಸ್‌ಪೆಕ್ಟರ್ ತಲೆದೂಗಿದರು.

"ಏನ್ರೀ ಹೆಡ್ಮಾಸ್ಟ್ರೇ, ಒಂದನೇ ಕ್ಲಾಸೇ ನಿಮ್ಮ ಶಾಲೇಲಿ ಬೆಸ್ಟು. ಯಾರು ನೋಡ್ಕೋತಾರೆ ಇದನ್ನ?"

"ಎಂತ ಮಾಡುವುದು ಸರ್, ನಾನೇ ಸ್ವಲ್ಪ ಗಮನ ಕೊಡ್ತೇನೆ" ಎಂದರು ದೂಮಪ್ಪ ಮಾಸ್ತರರು.

ಹಿಂದಿನ ಸಾಲಿನಲ್ಲಿ ಟೀಚರ್ ತಲೆ ತಗ್ಗಿಸಿ ಒಂದು ಹಂಚನ್ನು ಸೆರಗಿನಿಂದ ಒರೆಸುತ್ತಿದ್ದರು. ಒರೆಸಿ ಮುಗಿದ ಮೇಲೂ ಒರೆಸುತ್ತಿದ್ದರು.

ಹನ್ನೆರಡಕ್ಕೆ ಮೆನೇಜರರ ಮನೆಯವರು ಪಾತ್ರೆಗಳನ್ನು ತಂದು ಜಗಲಿಯಲ್ಲಿ ಇಳಿಸಿದರು. ಸೌತೆಕಾಯಿ ಹುಳಿಯ ಒಗ್ಗರಣೆಯ ಪರಿಮಳ ಶಾಲೆಗೆಲ್ಲ ಹಬ್ಬಿತು. ಬೆಳಗಿನ ಶಾಲೆ ಬಿಡಲು ಇನ್ನೂ ಮುಕ್ಕಾಲು ಗಂಟೆ ಇತ್ತು. ಆದರೆ ದೂಮಪ್ಪ ಮಾಸ್ತರರು, "ಏಳುವಾ ಸರ್, ಬಿಸಿ ಇರುವಾಗಲೇ" ಎಂದರು. ಮೆನೇಜರರು ಮೊದಲ ಎಲೆಯ ಹತ್ತಿರ ನಿಂತು ಕೈ ಮುಗಿದರು. ಇನ್ಸ್‌ಪೆಕ್ಟರ್ ಕೈ ತೊಳೆಯಲು ಹೊರಟರು. ನಮ್ಮನ್ನೂ ಕರೆದರು.

ಸುಂದರಿ ಟೀಚರ್ ಬಂದು ಜಗಲಿಯ ಮೆಟ್ಟಿಲಲ್ಲಿ ನಿಂತರು.

"ಸರ್, ನನ್ನ ಪಾಠ ಬಾಕಿ ಉಂಟು."

ಇನ್ಸ್‌ಪೆಕ್ಟರ್ ತಿರುಗಿದರು. "ಯಾರ್ರೀ ಇವರು?"

"ರಜೆಯಲ್ಲಿದ್ದಾರೆ ಸರ್" ಎಂದರು ದೂಮಪ್ಪ ಮಾಸ್ತರರು. "ಆರೋಗ್ಯ ಸರಿ ಇಲ್ಲ ಪಾಪ. ಸುಮ್ಮನೆ ಸಹಾಯಕ್ಕೆ ಅಂತ ಬಂದದ್ದು."

"ನನಗೆ ಆರೋಗ್ಯ ಉಂಟು. ವಾಮಂಜೂರಿನಿಂದ ನಡೆದು ಬಂದಿದ್ದೇನೆ. ನಾನು ಒಂದನೇ ಕ್ಲಾಸಿನ ಟೀಚರ್. ಐದು ವರ್ಷದಿಂದ."

ಇನ್ಸ್‌ಪೆಕ್ಟರ್ ಫೈಲು ಕೇಳಿದರು. ಫೈಲು ತರುವವನು ನಾನೇ. ತಂದು ಕೊಟ್ಟೆ. ಅವರು ನಾಲ್ಕು ಅರ್ಜಿಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರು.

"ಈ ವರ್ಷದ್ದಕ್ಕೆ ಸಹಿನೇ ಇಲ್ಲ."

"ಮರೆತು ಹೋದದ್ದು ಸರ್" ಎಂದರು ದೂಮಪ್ಪ ಮಾಸ್ತರರು.

"ನಿಮ್ಮ ಅಕ್ಷರ ಚೆನ್ನಾಗಿದೆಯಲ್ಲಮ್ಮ" ಎಂದರು ಇನ್ಸ್‌ಪೆಕ್ಟರ್.

"ಅಕ್ಷರ ನನ್ನದಲ್ಲ ಸರ್."

"ಮತ್ಯಾರದ್ದು?"

ಟೀಚರ್ ನನ್ನ ಕಡೆ ಕಣ್ಣೂ ಹಾಯಿಸಲಿಲ್ಲ. ಹೆಸರು ಹೇಳುವ ಕೆಲಸವನ್ನು ನನಗೇ ಬಿಟ್ಟರು. ಆರ್ಥರ್ ಮಾಸ್ತರರು ನನ್ನ ಹಿಂದೆ ನಿಂತು ಕೆಮ್ಮಿದರು.

"ನನ್ನದು ಸರ್" ಎಂದೆ. "ನಾಲ್ಕೂ ನನ್ನದೇ. ಹೊಟ್ಟೆನೋವೂ ನಾನು ಬರೆದದ್ದು. ಅವರಿಗೆ ಯಾವತ್ತೂ ಹೊಟ್ಟೆನೋವು ಇರಲಿಲ್ಲ."

"ಯಾಕೆ ಬರೆದ್ರಿ?"

"ಬರೆಯಲು ಹೇಳಿದರು."

ಆಗ ನನಗೆ ಮೂವತ್ತೆರಡು ವರ್ಷ. ಅದು ಮೂವತ್ತೆರಡು ವರ್ಷದ ಮನುಷ್ಯನ ಉತ್ತರ ಅಲ್ಲ. ಆದರೆ ನಿಜವಾದ ಉತ್ತರ ಅದೇ.

ಇನ್ಸ್‌ಪೆಕ್ಟರ್ ಪಾತ್ರೆಗಳ ಕಡೆ ನೋಡಿದರು. "ಸರಿ. ಊಟ ಆಗಲಿ. ಆಮೇಲೆ ನೋಡೋಣ."

"ಆಮೇಲೆ ಇಲ್ಲ ಸರ್" ಎಂದರು ಸುಂದರಿ ಟೀಚರ್. ಸ್ವರ ಏರಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳಿದರು. "ಊಟ ಆದ ಮೇಲೆ ಜಟ್ಕಾ ಬರ್ತದೆ. ನೀವು ಹೋಗ್ತೀರಿ. ಮೇ ತಿಂಗಳಿಗೆ ನಾನೂ ಹೋಗ್ತೇನೆ. ನನಗೆ ರಜೆ ಹಾಕಿಸಿದ್ದೇ ಈ ಊಟಕ್ಕೆ. ಆ ಸಾಲಿನಲ್ಲಿ ನಾನು ಕೂತರೆ ಇವರು ಬಡಿಸುವುದಿಲ್ಲ. ನಾನು ಆದಿದ್ರಾವಿಡದವಳು. ಹಾಗೆ ಬರೆಯಲು ಧೈರ್ಯ ಇಲ್ಲದ ಕಾರಣ ಹೊಟ್ಟೆನೋವು ಅಂತ ಬರೆದರು. ನನಗೆ ಊಟ ಬೇಡ ಸರ್. ನನ್ನ ಕ್ಲಾಸಿಗೆ ಬನ್ನಿ."

ಮೆನೇಜರರು ಮುಗಿದ ಕೈ ಇಳಿಸಿದರು. ವಾರಿಜಾಕ್ಷಿ ಟೀಚರ್ ನೆಲ ನೋಡಿದರು.

ಇನ್ಸ್‌ಪೆಕ್ಟರ್ ವಾಚು ನೋಡಿದರು. ಹನ್ನೆರಡು ಗಂಟೆ ಐದು ನಿಮಿಷ. ಅಸ್ಪೃಶ್ಯತೆ ತಡೆಯುವ ಕಾಯಿದೆ ಬಂದು ಆರು ವರ್ಷ ಆಗುತ್ತಾ ಬಂದಿತ್ತು. ಅದು ಅವರ ನೆನಪಿಗೆ ಬಂತೋ, ಇಷ್ಟು ಜನರ ಎದುರು ಇನ್ನು ಎಲೆಯ ಮುಂದೆ ಕೂರುವುದು ಹೇಗೆ ಎಂದು ಕಂಡಿತೋ, ನಾನು ಹೇಳಲಾರೆ. ಅವರು ಕೋಟು ಹಾಕಿಕೊಂಡರು.

"ನಡೀರಿ" ಎಂದರು.

ನಾವೂ ಹಿಂದೆ ಹೋದೆವು. ಕರೆದಿರಲಿಲ್ಲ. ಬಾಗಿಲಲ್ಲಿ ನಿಂತೆವು.

ಟೀಚರ್ ಬೋರ್ಡನ್ನು ಪೂರ್ತಿ ಒರೆಸಿದರು. ದೂಮಪ್ಪ ಮಾಸ್ತರರ ಪದಗಳೆಲ್ಲ ಹೋದವು. "ಹಂಚು ತೆಗೀರಿ" ಎಂದರು. 55 ಹಂಚುಗಳು ನೆಲಕ್ಕೆ ತಾಗಿದ ಸದ್ದಾಯಿತು. "ಇವತ್ತು ಬೆಳಿಗ್ಗೆ ನಿಮ್ಮ ಮನೆಯಲ್ಲಿ ಎಂತ ಆಯಿತು? ಬರೀರಿ."

ಇನ್ಸ್‌ಪೆಕ್ಟರ್ ಹುಬ್ಬೇರಿಸಿದರು. "ಒಂದನೇ ಕ್ಲಾಸು ಕಣಮ್ಮಾ ಇದು. ನೋಡಿ ಬರೆಯೋದೇ ಕಷ್ಟ."

"ಬರೀತಾರೆ ಸರ್."

ಮಕ್ಕಳು ಬಗ್ಗಿ ಬರೆದರು. ಕೆಲವರು ಮಧ್ಯದಲ್ಲಿ ತಲೆ ಎತ್ತಿ ತುಳುವಿನಲ್ಲಿ ಕೇಳಿದರು. ಟೀಚರ್ ತುಳುವಿನಲ್ಲೇ ಉತ್ತರ ಹೇಳಿ, ಕನ್ನಡದ ಶಬ್ದ ಕೊಟ್ಟು ಮುಂದೆ ಹೋದರು. ಇನ್ಸ್‌ಪೆಕ್ಟರ್ ಅನುಭವಸ್ಥರು. ಮುಂದಿನ ಸಾಲನ್ನು ಬಿಟ್ಟು ನೇರ ಕೊನೆಯ ಸಾಲಿಗೆ ಹೋಗಿ ಒಂದು ಹುಡುಗಿಯ ಹಂಚು ಎತ್ತಿದರು. ನಾಝಿಮಾ, ಬ್ಯಾರಿ ಹುಡುಗಿ. 'ಉಮ್ಮ ಮಣ್ಣು ಹೊರಲು ಹೋದರು. ಗಂಜಿ ಇತ್ತು. ಉಪು ಇಲ್ಲ' ಎಂದಿತ್ತು. 'ಉಪ್ಪು' ತಪ್ಪಾಗಿ, ಒತ್ತಕ್ಷರ ಇಲ್ಲದೆ ಇತ್ತು. ಇನ್ಸ್‌ಪೆಕ್ಟರ್ ಇನ್ನೊಂದು ಹಂಚು ಎತ್ತಿದರು. ಮತ್ತೊಂದು. ಹನ್ನೊಂದು ಹಂಚು ಓದಿದರು. ನಾನು ಎಣಿಸಿದ್ದೇನೆ. ಟೀಚರ್ ನಾಝಿಮಾಳ ಹತ್ತಿರ ಕೂತು ಒತ್ತಕ್ಷರ ಹಾಕಿಸಿದರು.

ದೂಮಪ್ಪ ಮಾಸ್ತರರು ಎರಡು ಸಲ ಬಾಗಿಲಿಗೆ ಬಂದು, "ಸರ್, ಅನ್ನ ತಣಿಯುತ್ತದೆ" ಎಂದರು. ಎರಡನೇ ಸಲ ಆರ್ಥರ್ ಮಾಸ್ತರರು ಮೆಲ್ಲಗೆ ಹೇಳಿದರು: "ಒಂದು ಮೆಮೊ ಕೊಡಿ ಮಾಸ್ತ್ರೇ, ಅನ್ನಕ್ಕೆ."

ಪಾಠ ನಲವತ್ತು ನಿಮಿಷ ಆಯಿತು. ಪೀರಿಯಡಿನಷ್ಟು. ಒಂದು ನಿಮಿಷ ಕಡಿಮೆ ಇಲ್ಲ.

"ಚೆನ್ನಾಗಿದೆ" ಎಂದರು ಇನ್ಸ್‌ಪೆಕ್ಟರ್. "ಊಟ ಮುಗಿಸಿ ಬರೀತೀನಿ."

ಟೀಚರ್ ಲಾಗ್‌ಬುಕ್ಕನ್ನು ಆಫೀಸಿನಿಂದ ತಾವೇ ತಂದರು. ಅದನ್ನು ಅವರು ಮುಟ್ಟಿದ್ದು ನಾನು ಕಂಡಂತೆ ಅದೇ ಮೊದಲು. ಕ್ಲಾಸಿನ ಸಣ್ಣ ಮೇಜಿನ ಮೇಲೆ ಬಿಡಿಸಿಟ್ಟು, ಶಾಯಿ ಕುಡಿಕೆಯ ಮುಚ್ಚಳ ತೆಗೆದರು.

"ಬರೆದು ಊಟ ಮಾಡಿ ಸರ್. ಈಗ ಕೈ ಒಣಗಿದೆ."

ಇನ್ಸ್‌ಪೆಕ್ಟರ್ ಅವರ ಮುಖ ನೋಡಿದರು. ಆಮೇಲೆ ಆ ಮೇಜಿಗೆ ಬಗ್ಗಿ ಬರೆದರು. ಟೀಚರ್ ಓದಿದರು. 'ಒಂದನೇ ತರಗತಿಯ ಪಾಠ ನೋಡಿದೆ. ಉತ್ತಮ' ಎಂದಿತ್ತು.

"ಪಾಠ ಯಾರದ್ದು ಅಂತ ಬರೆಯಲಿಲ್ಲ. ಮುಂದಿನ ವರ್ಷ ಇದೂ ಬೇರೆಯವರದ್ದಾಗ್ತದೆ" ಎಂದರು.

ಅವರು ಹೆಸರು ಸೇರಿಸಿದರು. ತಂದೆಯ ಹೆಸರೂ ಕೇಳಿ ಬರೆದರು.

ಆ ದಿನ ಸಾಲಿನಲ್ಲಿ ಸುಂದರಿ ಟೀಚರ್ ಕೂರಲಿಲ್ಲ. ಯಾರೂ ಕರೆಯಲೂ ಇಲ್ಲ. ಕ್ಲಾಸಿನಲ್ಲಿ ಕೂತು ತಂದ ಬುತ್ತಿ ಬಿಚ್ಚಿದರು. ನಾನು ನನ್ನ ಮೂಲೆಯಲ್ಲಿ ಕೂತು ಉಂಡೆ. ಸುಳ್ಳು ಹೇಳುವುದಿಲ್ಲ, ಅನ್ನ ತಣಿದಿತ್ತು, ಹುಳಿ ಚೆನ್ನಾಗಿತ್ತು. ಆರ್ಥರ್ ಮಾಸ್ತರರ ಎಲೆ ಖಾಲಿ ಇತ್ತು. ಅವರು ಒಂದನೇ ಕ್ಲಾಸಿನ ಹೊಸ್ತಿಲಲ್ಲಿ ಕೂತು ಟೀಚರ ಬುತ್ತಿಯ ಸೊಪ್ಪಿನ ಪಲ್ಯ ತಿನ್ನುತ್ತಿದ್ದರು. ನಾನು ಎದ್ದು ಹೋಗಬಹುದಿತ್ತು. ಅಷ್ಟು ಹೊತ್ತಿಗೆ ಪಾಯಸ ಬಂತು.

ಮರುದಿನದಿಂದ ನಾನು ಎಂಟೂವರೆಗೆ ಬರತೊಡಗಿದೆ. ಕೊಡಕ್ಕೆ ನೀರು ಸೇದಿ ಕೊಡಲು. ಹತ್ತನೇ ದಿನವೋ ಹನ್ನೊಂದನೇ ದಿನವೋ ನಾನು ತಡವಾಗಿ ಬಂದಾಗ ಟೀಚರ್ ಹಗ್ಗ ಹಿಡಿದು ತಾವೇ ಸೇದುತ್ತಿದ್ದರು. ದೂಮಪ್ಪ ಮಾಸ್ತರರು ಮೆಮೊ ಬರೆ ಎಂದರು. ನಾನು ಬರೆಯಲಿಲ್ಲ. ಅವರ ಅಕ್ಷರ ಕೆಟ್ಟದು. ತಾವೇ ಬರೆಯಲು ಮನಸ್ಸಾಗಲಿಲ್ಲ.

ಖಾಯಂ ಆರ್ಡರ್ ಬಂದದ್ದು ಮೇ ಮೂವತ್ತಕ್ಕೆ. ಅವಧಿ ಮುಗಿಯಲು ಒಂದು ದಿನ ಇತ್ತು. ಶಾಲೆ ಶುರುವಾಗುವ ಮೊದಲಿನ ಮೀಟಿಂಗಿಗೆ ನಾವೆಲ್ಲ ಬಂದಿದ್ದೆವು. ಸುಂದರಿ ಟೀಚರ್ ತಮ್ಮ ಕ್ಲಾಸಿನ ಕುರ್ಚಿಯನ್ನು ಎತ್ತಿಕೊಂಡು ಬಂದು ಸ್ಟಾಫ್‌ರೂಮಿನಲ್ಲಿ ಹಾಕಿ ಕೂತರು. ದೂಮಪ್ಪ ಮಾಸ್ತರರು ಲಕೋಟೆ ಒಡೆದು, ಕಣ್ಣಾಡಿಸಿ, "ಆಫೀಸಿನಿಂದ ಒಂದು ಕಾಗದ. ಫೈಲಿಗೆ ಹಾಕ್ತೇನೆ" ಎಂದರು.

"ಓದಿ ಹೇಳಿ" ಎಂದರು ಟೀಚರ್.

ದೂಮಪ್ಪ ಮಾಸ್ತರರು ಮನಸ್ಸಿನಲ್ಲೇ ಓದಿಕೊಂಡರು.

"ಜೋರಾಗಿ."

ಅವರು ಕನ್ನಡಕ ಸರಿಮಾಡಿಕೊಂಡರು. "ಕುಮಾರಿ ಸುಂದರಿ, ನೋಣಯ್ಯ ಇವರ ಮಗಳು" ಎಂದು ಓದಿ ನಿಲ್ಲಿಸಿದರು.

ಸುಂದರಿ ಟೀಚರ್ ಕಾದರು. ಒಂದನೇ ಕ್ಲಾಸಿನಲ್ಲಿ ಪದ ಸಿಗದೆ ನಿಂತ ಮಗುವಿನ ಮುಂದೆ ಕಾಯುವಷ್ಟು ಹೊತ್ತು.

"ಮುಂದೆ ಓದಿ" ಎಂದರು.